ಬಾಗಿಲಲ್ಲಿ ಹೇಳದ ನೆಗಡಿ

ಆ ಮಂಗಳವಾರ ಬೆಳಗ್ಗೆ ಮಲರ್ ಕನ್ನಡಿಯನ್ನು ನೋಡಲಿಲ್ಲ.

ಒಂಬತ್ತು ದಿನಗಳಿಂದ ನೋಡುತ್ತಿದ್ದಳು. ಥೆರಪಿಸ್ಟ್ ಕೊಟ್ಟಿದ್ದ ಅಂಗೈ ಅಗಲದ ಕನ್ನಡಿಯನ್ನು ಅವಳ ಮುಖದ ಮುಂದೆ ಹಿಡಿದು ಮೆಲ್ಲಗೆ ಎಡಕ್ಕೆ ಸರಿಸಿದರೆ ಕಣ್ಣುಗಳೂ ಎಡಕ್ಕೆ ಸರಿಯುತ್ತಿದ್ದವು. ಬಲಕ್ಕೆ ತಂದರೆ ಬಲಕ್ಕೆ. ಪ್ರತಿ ಸಲವೂ ಅಲ್ಲ, ಆದರೆ ಸುಳ್ಳೆನ್ನಲಾಗದಷ್ಟು ಸಲ. ಅದನ್ನು ನೋಡಿಯೇ ಡಾಕ್ಟರು ಅವಳ ಫೈಲಿನಲ್ಲಿದ್ದ, ಅರಿವೇ ಇಲ್ಲವೆನ್ನುವ ವೆಜಿಟೇಟಿವ್ ಎಂಬ ಪದವನ್ನು ಹೊಡೆದುಹಾಕಿ ಮಿನಿಮಲಿ ಕಾನ್ಷಿಯಸ್ ಎಂದು ಬರೆದಿದ್ದರು. ಪೂರ್ತಿ ಎಚ್ಚರವಿಲ್ಲ, ಆದರೆ ಸುತ್ತಲಿನದು ಅಷ್ಟಿಷ್ಟು ಅವಳನ್ನು ಮುಟ್ಟುತ್ತಿದೆ ಎಂದು ಅದರ ಅರ್ಥ. ಆ ಎರಡು ಪದಗಳಿಗಾಗಿ ನಾವು ಮೂರು ತಿಂಗಳು ಕಾದಿದ್ದೆವು.

ಮಂಗಳವಾರ ಕಣ್ಣು ತೆರೆದೇ ಇತ್ತು. ನೋಟ ಮಾತ್ರ ಚಾವಣಿಯಲ್ಲಿ ನಿಂತಿತ್ತು. ಕನ್ನಡಿ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಅವಳು ಬರಲಿಲ್ಲ.

"ಸುಸ್ತಾಗಿರಬಹುದು ಅಮ್ಮ. ಇವರಿಗೆ ಒಂದೊಂದು ದಿನ ಹೀಗಾಗುತ್ತೆ," ಎಂದಳು ಥೆರಪಿಸ್ಟ್. ವಾರ್ಡಿನಲ್ಲಿ ಎಲ್ಲರ ಮಾತೂ ತಮಿಳಿನಲ್ಲೇ. ನಾನು ಅದನ್ನು ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ.

ಸುಸ್ತಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ಯಾಕೆಂದರೆ ನನ್ನ ಗಂಟಲು ಶನಿವಾರದಿಂದ ಕೆರೆಯುತ್ತಿತ್ತು.

ಮಲರ್ ನನ್ನ ಸೊಸೆ. ಮೂವತ್ನಾಲ್ಕು ವರ್ಷ. ನುಂಗಂಬಾಕ್ಕಂನ ಒಂದು ವೀಸಾ ಕಚೇರಿಯಲ್ಲಿ ಕೆಲಸ. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುತ್ತಿದ್ದವಳು ತಲೆ ಹಿಡಿದುಕೊಂಡು ಕುಸಿದಳು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಪರೇಷನ್ ಆಯಿತು, ಐಸಿಯು ಆಯಿತು. ಜೀವ ಉಳಿಯಿತು, ಅವಳು ಎಚ್ಚರಗೊಳ್ಳಲಿಲ್ಲ. ಗಂಟಲಲ್ಲಿ ಉಸಿರಾಟದ ಟ್ಯೂಬು, ಹೊಟ್ಟೆಯಲ್ಲಿ ಊಟದ ಟ್ಯೂಬು, ಹಾಗೆಯೇ ಈ ರಿಹ್ಯಾಬ್ ಕೇಂದ್ರಕ್ಕೆ ಬಂದಳು. ಆರು ಹಾಸಿಗೆಯ ವಾರ್ಡು. ಆರು ಜನರಲ್ಲಿ ಒಬ್ಬರಿಗೂ ಮಾತಿಲ್ಲ.

ಅವಳು ತಮಿಳರ ಮನೆಯ ಹುಡುಗಿ. ನಾವು ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಮಾಧ್ವರು. ಮದುವೆಗೆ ನಾನು ಅಡ್ಡ ಬರಲಿಲ್ಲ, ಒಪ್ಪಿದೆ ಎಂದೂ ಹೇಳಲಿಲ್ಲ. ವೇಲಚೇರಿಯ ಫ್ಲ್ಯಾಟಿನಲ್ಲಿ ಏಳು ವರ್ಷ ಒಟ್ಟಿಗಿದ್ದೆವು. ಗ್ಯಾಸ್ ಬಂತಾ, ಸ್ಕೂಲ್ ವ್ಯಾನ್ ಬಂತಾ, ಮೊಸರಿಗೆ ಹೆಪ್ಪು ಹಾಕಿದ್ದಾಯಿತಾ. ಇಷ್ಟೇ ನಮ್ಮ ಮಾತು. ಜಗಳವಿರಲಿಲ್ಲ. ಜಗಳವಾಡುವಷ್ಟು ಹತ್ತಿರವೂ ಇರಲಿಲ್ಲ.

ವಾರ್ಡಿನಲ್ಲಿ ಥೆರಪಿಸ್ಟ್ ಹೇಳಿದಳು: "ಮಾತಾಡ್ತಾ ಇರಿ. ಮುಖ ಕಾಣೋ ಹಾಗೆ, ಬಾಯಿ ಕಾಣೋ ಹಾಗೆ ಮಾತಾಡಿ." ನಾನು ಮಾತಾಡಿದೆ. ಮೊಮ್ಮಗಳು ಅನಘಾ ಬಿಟ್ಟ ಹಲ್ಲಿನ ಬಗ್ಗೆ, ಲಿಫ್ಟ್ ಕೆಟ್ಟ ಬಗ್ಗೆ, ನನ್ನ ಗಂಡ ತೀರಿಕೊಂಡ ವರ್ಷದ ಬಗ್ಗೆ. ಏಳು ವರ್ಷದಲ್ಲಿ ಆಡದಿದ್ದನ್ನು ಆ ಮಂಚದ ಪಕ್ಕ ಕೂತು ಆಡಿದೆ. ಅವಳ ಕಣ್ಣು ಮೊದಲು ಹಿಂಬಾಲಿಸಿದ್ದು ನನ್ನ ಕೈಯಲ್ಲಿದ್ದ ಕನ್ನಡಿಯನ್ನು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಆ ಹೆಮ್ಮೆಯನ್ನೂ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ವಾರ್ಡಿನ ಬಾಗಿಲಲ್ಲಿ ಒಂದು ಮೇಜು. ನರ್ಸ್ ಹಣೆಗೆ ಥರ್ಮಾಮೀಟರ್ ಹಿಡಿದು ದಿನವೂ ಒಂದೇ ಪ್ರಶ್ನೆ ಕೇಳುತ್ತಾಳೆ: ಜ್ವರ, ನೆಗಡಿ, ಕೆಮ್ಮು ಇದೆಯಾ? ಇದ್ದರೆ ವಾಸಿಯಾಗುವವರೆಗೆ ಒಳಗೆ ಬಿಡುವುದಿಲ್ಲ. ಒಂದು ವಾರವಂತೂ ಹೋಯಿತು.

ಗುರುವಾರ ಅನಘಾಗೆ ಮೂಗು ಸುರಿಯಲು ಶುರುವಾಗಿತ್ತು. ಶನಿವಾರ ನನಗೆ ಗಂಟಲು. ನರ್ಸ್ ಕೇಳಿದಳು.

ಇಲ್ಲ ಎಂದೆ.

ಮಗ ಶ್ರೀನಿಧಿಯ ರಜೆಯೆಲ್ಲ ಮುಗಿದಿತ್ತು. ನಾನು ಹೋಗದಿದ್ದರೆ ಹಗಲು ಅವಳ ಬಳಿ ಯಾರೂ ಇಲ್ಲ. ಕಣ್ಣು ಹಿಂಬಾಲಿಸಲು ಶುರುಮಾಡಿದ ಹೊತ್ತಿನಲ್ಲೇ ಒಂದು ವಾರ ಬಿಟ್ಟರೆ ಎಲ್ಲ ಕೈತಪ್ಪುತ್ತದೆ ಎಂಬ ಭಯ. ಇವೆಲ್ಲ ನಿಜವಾದ ಕಾರಣಗಳೇ. ಅವುಗಳ ಅಡಿಯಲ್ಲಿ ಇನ್ನೊಂದಿತ್ತು. ಅವಳು ಮುಂದೆ ಏನು ಮಾಡುತ್ತಾಳೋ ಅದನ್ನು ಮೊದಲು ನೋಡುವವಳು ನಾನೇ ಆಗಬೇಕೆಂಬ ಆಸೆ. ಮಾಸ್ಕ್ ಹಾಕಿದ್ದೆ. ಆದರೆ ಬಾಯಿ ಕಾಣಬೇಕಲ್ಲ. ಅವಳ ಮುಖದ ಹತ್ತಿರ ಬಾಗಿದಾಗೆಲ್ಲ ಕೆಳಗೆ ಎಳೆದುಕೊಂಡೆ. ಶನಿವಾರ, ಭಾನುವಾರ, ಸೋಮವಾರ.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅವಳ ಟ್ಯೂಬಿನಿಂದ ಎಳೆಯುವ ಕಫ ಗಟ್ಟಿಯಾಯಿತು. ಗಂಟೆಗೊಮ್ಮೆ ಸಕ್ಷನ್ ಮಾಡುತ್ತಿದ್ದವರು ಹತ್ತು ನಿಮಿಷಕ್ಕೊಮ್ಮೆ ಮಾಡಿದರು. ಆಕ್ಸಿಜನ್ ಇಳಿಯಿತು. ಮೈ ಬಿಸಿಯಾಯಿತು. ವೈರಸ್ ಇರಬಹುದು ಎಂದು ಮೂಗಿನಿಂದ ಸ್ವಾಬ್ ತೆಗೆದರು. ನರ್ಸ್ ರೋಗಿಗಳ ಜೊತೆಗಿದ್ದ ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಮತ್ತೊಮ್ಮೆ ಕೇಳಿದಳು. ನನ್ನ ಸರದಿ ಬಂದಾಗ ಕೆಮ್ಮು ಬಂತು.

"ಧೂಳು ಅಷ್ಟೇ. ನನಗೆ ಅಲರ್ಜಿ," ಎಂದೆ.

ಎರಡನೆಯ ಸಲ.

ಬುಧವಾರ ಬೆಳಗ್ಗೆ ನನಗೇ ಜ್ವರ. ಹಾಸಿಗೆಯಿಂದ ಎದ್ದು ಊಟದ ಮೇಜಿನವರೆಗೆ ಬರುವಷ್ಟರಲ್ಲಿ ಕಾಲು ನಡುಗಿತು. ಶ್ರೀನಿಧಿ ಫೋನಿನಲ್ಲಿ ಮಾತಾಡುತ್ತಿದ್ದ. ಮುಗಿಸಿ ನನ್ನ ಎದುರು ಕೂತ.

"ಇನ್‌ಫ್ಲುಯೆಂಜಾ ಅಂತೆ. ಬೇರೆ ರೂಮಿಗೆ ಹಾಕಿದಾರೆ. ಪಕ್ಕದ ಬೆಡ್ ಸೆಲ್ವಂಗೂ ಬಂದಿದೆಯಂತೆ." ನನ್ನ ಮುಖ ನೋಡಿದ. "ಅಮ್ಮ, ನಿಂಗೆ ಯಾವಾಗಿಂದ ಹೀಗಿದೆ?"

"ಶನಿವಾರದಿಂದ."

"ಬಾಗಿಲಲ್ಲಿ ಕೇಳ್ತಾರಲ್ಲ."

"ಕೇಳಿದ್ರು. ಇಲ್ಲ ಅಂದೆ."

ಅವನು ಕೂಗಾಡಲಿಲ್ಲ. ಕಾಫಿ ಲೋಟವನ್ನು ದೂರ ಸರಿಸಿದ. ಡಾಕ್ಟರ ನಂಬರು ಒತ್ತಿ ಫೋನನ್ನು ನನ್ನ ಮುಂದಿಟ್ಟ.

"ನೀನೇ ಹೇಳು. ನಾನು ಹೇಳಲ್ಲ."

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ನಿಧಾನವಾಗಿ ಮಾತಾಡುವವರು. ಪೂರ್ತಿ ಕೇಳಿಸಿಕೊಂಡರು. "ನಿಮ್ಮಿಂದಲೇ ಬಂತು ಅಂತ ನಾನು ಹೇಳಲಾರೆ. ಈಗ ಊರಲ್ಲೆಲ್ಲ ಇದೆ, ನಮ್ಮ ಸ್ಟಾಫಲ್ಲೂ ಇಬ್ಬರಿಗೆ ಇದೆ," ಎಂದರು. ನನ್ನ ಎದೆ ಸ್ವಲ್ಪ ಹಗುರವಾಗುತ್ತಿದ್ದಂತೆ ಮುಂದುವರಿಸಿದರು. "ಆದರೆ ಇವರು ಗಂಟಲು ನೋವು ಅಂತ ಹೇಳಲಾರರು. ಗಟ್ಟಿಯಾಗಿ ಕೆಮ್ಮಲಾರರು. ಕಣ್ಣು ನಿಂತುಹೋಗೋದೇ ಇವರ ನೆಗಡಿ. ನಿನ್ನೆ ಬೆಳಗ್ಗೆ ನೀವು ಹೇಳಿದ್ದರೆ ಮಾತ್ರೆ ಒಂದು ದಿನ ಮುಂಚೆ ಶುರುಮಾಡ್ತಿದ್ದೆ. ಶನಿವಾರ ಹೇಳಿದ್ದರೆ ನೀವು ಒಳಗೇ ಬರ್ತಿರಲಿಲ್ಲ."

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಆಮೇಲಿನ ದಿನಗಳು ನನಗೆ ಒಂದಕ್ಕೊಂದು ಅಂಟಿಕೊಂಡಂತೆ ನೆನಪಿವೆ. ವಾರ್ಡಿನ ಥೆರಪಿಯೆಲ್ಲ ನಿಂತಿತು. ಮನೆಯವರು ಯಾರೂ ಒಳಗೆ ಹೋಗುವಂತಿಲ್ಲ. ಮಲರ್‌ಗೆ ನ್ಯುಮೋನಿಯಾ ಆಯಿತು. ಎಕ್ಸ್‌ರೇಯಲ್ಲಿ ಬಲಗಡೆಯ ಶ್ವಾಸಕೋಶ ಬೆಳ್ಳಗೆ ಕಂಡಿತಂತೆ. ನಾನು ಒಂದು ಕೋಣೆಯಲ್ಲಿ, ಅನಘಾ ಇನ್ನೊಂದರಲ್ಲಿ. ಬಾಗಿಲ ಆಚೆ ನಿಂತು ಅವಳು ಕೇಳುತ್ತಿದ್ದಳು, "ಪಾಟ್ಟಿ, ಅಮ್ಮಾ ಎಪ್ಪೋ ವರುವಾ?" ಅಮ್ಮ ಯಾವಾಗ ಬರುತ್ತಾಳೆ ಎಂಬ ಆ ಪ್ರಶ್ನೆಗೆ ಅಷ್ಟು ದಿನವೂ ಬೇಗ ಬರುತ್ತಾಳೆ ಎನ್ನುತ್ತಿದ್ದೆ. ಈಗ ಗೊತ್ತಿಲ್ಲ ಕಂದ ಎಂದೆ. ಅವಳು ಅದನ್ನು ಒಪ್ಪಿಕೊಂಡು ಆಡಲು ಹೋದಳು.

ಮಧ್ಯಾಹ್ನ ಐದು ನಿಮಿಷ ನರ್ಸ್ ಫೋನನ್ನು ಮಲರ್ ಕಿವಿಯ ಹತ್ತಿರ ಹಿಡಿಯುತ್ತಿದ್ದಳು. ಮೊದಲ ದಿನ ಬಾಯಿ ತೆರೆಯಲು ಹೆದರಿದೆ. ಮಾತಿನಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು. ಆ ಕಡೆಯಿಂದ ಸಕ್ಷನ್ ಯಂತ್ರದ ಸದ್ದು ಮಾತ್ರ ಕೇಳುತ್ತಿತ್ತು. ಕೊನೆಗೆ, "ಮಲರ್, ನಾನು ಅತ್ತೆ. ತಪ್ಪು ಮಾಡಿದೆ," ಎಂದೆ. ನರ್ಸ್ ಫೋನ್ ತೆಗೆದುಕೊಂಡು ಟೈಮ್ ಆಯಿತು ಎಂದಳು.

ಸೆಲ್ವಂ ಬಗ್ಗೆ ಹೇಳಬೇಕು. ಮನೆ ಕಟ್ಟುವ ಮೇಸ್ತ್ರಿ. ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಅವರ ಹೆಂಡತಿ ತಂಗಂ ದಿನವೂ ಅವರ ತಲೆ ಬಾಚಿ, ಹಣೆಗೆ ವಿಭೂತಿ ಇಟ್ಟು, ಪಕ್ಕದಲ್ಲಿ ಕೂರುತ್ತಿದ್ದಳು. ನಾವಿಬ್ಬರೂ ಡಬ್ಬಿ ಹಂಚಿಕೊಳ್ಳುತ್ತಿದ್ದೆವು. ಆ ಸೋಮವಾರ ಅವಳು ಕೈ ತೊಳೆಯಲು ಹೋದಾಗ ಸೆಲ್ವಂ ಬಾಯಿಯ ಜೊಲ್ಲನ್ನು ಒರೆಸಿದವಳು ನಾನು.

ಕಾಯಿಲೆ ತಗುಲಿದ ಹನ್ನೊಂದನೆಯ ದಿನ ಸೆಲ್ವಂ ಐಸಿಯುನಲ್ಲಿ ತೀರಿಕೊಂಡರು.

ಶ್ರೀನಿಧಿ ಅದನ್ನು ನನಗೆ ಹೇಳಿ, "ಅವರಿಗೆ ಮೊದಲಿಂದಲೂ ಶ್ವಾಸದ ತೊಂದರೆ ಇತ್ತಂತೆ," ಎಂದು ಸೇರಿಸಿದ. ನನ್ನ ಮೇಲಿನ ಕೋಪ ಇಳಿದಿರಲಿಲ್ಲ, ಆದರೂ ಆ ಒಂದು ಮಾತನ್ನು ನನಗಾಗಿ ಹುಡುಕಿ ತಂದಿದ್ದ.

ನನಗೆ ಜ್ವರ ಬಿಟ್ಟು ಒಂದು ವಾರವಾದ ಮೇಲೆ ತಂಗಂ ಗಂಡನ ಬಟ್ಟೆಬರೆ ತೆಗೆದುಕೊಂಡು ಹೋಗಲು ಬರುತ್ತಾಳೆ ಎಂದು ನರ್ಸ್ ಹೇಳಿದಳು. ಹೋದೆ. ಕೆಳಗಿನ ವೆಯ್ಟಿಂಗ್ ಹಾಲಿನಲ್ಲಿ ಚೀಲ ಕಟ್ಟುತ್ತಿದ್ದಳು. ನನ್ನನ್ನು ಕಂಡು, "ಮಲರ್ ಹೇಗಿದಾಳೆ ಅಕ್ಕಾ?" ಎಂದಳು. ಅವಳು ಅದನ್ನು ಕೇಳಿದ ಮೇಲೆ ಸುಮ್ಮನೆ ವಾಪಸು ಬರುವುದು ಸಾಧ್ಯವಾಗಲಿಲ್ಲ. ಪಕ್ಕದಲ್ಲಿ ಕೂತು ಹೇಳಿದೆ. ಶನಿವಾರದಿಂದ ಶುರುಮಾಡಿ, ಜೊಲ್ಲು ಒರೆಸಿದ್ದನ್ನೂ ಸೇರಿಸಿ. ಊರಲ್ಲೆಲ್ಲ ಇತ್ತು ಎಂಬ ಡಾಕ್ಟರ ಮಾತನ್ನು ಹೇಳಲಿಲ್ಲ.

ತಂಗಂ ಚೀಲದ ಗಂಟನ್ನು ಬಿಗಿದಳು. ಆಮೇಲೆ ಕೇಳಿದ್ದು ಇಷ್ಟೇ.

"ಮಂಗಳವಾರ ನರ್ಸ್ ಕೇಳಿದಾಗ ನಾನೂ ಅಲ್ಲೇ ಇದ್ದೆನಲ್ಲ ಅಕ್ಕಾ. ನನ್ನ ಕಿವಿಯಲ್ಲಾದರೂ ಹೇಳಬಹುದಿತ್ತಲ್ಲ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಚೀಲ ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ಹೋದಳು. ಮತ್ತೆ ನಾವು ಭೇಟಿಯಾಗಿಲ್ಲ. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ತಿಳಿಯದು. ಕೇಳುವುದಕ್ಕೆ ಫೋನ್ ಮಾಡಬಾರದು ಎಂದು ನಿಶ್ಚಯಿಸಿದ್ದೇನೆ. ಅವಳ ದುಃಖದ ನಡುವೆ ನನ್ನ ಸಮಾಧಾನದ ಕೆಲಸವನ್ನೂ ಅವಳಿಗೆ ಹೊರಿಸುವುದು ನ್ಯಾಯವಲ್ಲ.

ಹದಿನೆಂಟು ದಿನಗಳ ನಂತರ ಮಲರ್ ವಾರ್ಡಿಗೆ ಮರಳಿದಳು. ಗಲ್ಲ ಒಳಗೆ ಹೋಗಿತ್ತು. ಸದ್ದಿಗೆ ಕಣ್ಣು ಮಿಟುಕಿಸುವುದನ್ನು ಬಿಟ್ಟರೆ ಏನೂ ಇರಲಿಲ್ಲ. ಮೂರು ತಿಂಗಳು ಹತ್ತಿದ ಮೆಟ್ಟಿಲುಗಳನ್ನು ಮತ್ತೆ ಕೆಳಗಿನಿಂದ ಹತ್ತಬೇಕಾಯಿತು. ವೈರಸ್ ಬರದಿದ್ದರೆ ಅವಳು ಈಗ ಎಲ್ಲಿರುತ್ತಿದ್ದಳು ಎಂದು ಒಮ್ಮೆ ಕೇಳಿದೆ. ಡಾಕ್ಟರು ಇಲ್ಲವೆಂಬಂತೆ ತಲೆಯಾಡಿಸಿದರು. ಅದನ್ನು ಯಾರೂ ಹೇಳಲಾರರು ಎಂದರು.

ಶ್ರೀನಿಧಿ ನನ್ನೊಡನೆ ಮಾತಾಡುತ್ತಾನೆ. ಔಷಧಿ, ಡ್ಯೂಟಿ, ಅನಘಾಳ ಹೋಂವರ್ಕ್. ಆ ಶನಿವಾರದ ಬಗ್ಗೆ ಮಾತ್ರ ಇಲ್ಲ. ಹಗಲು ಹೋಗುವುದು ಈಗಲೂ ನಾನೇ. ಮಾಸ್ಕ್ ಕೆಳಗಿಳಿಸುವುದಿಲ್ಲ. ಬಾಯಿ ಕಾಣದಿದ್ದರೂ ದನಿ ಸಾಕು ಎಂದು ಥೆರಪಿಸ್ಟ್ ಒಪ್ಪಿದ್ದಾಳೆ. ಸುಮಾರು ಎರಡು ತಿಂಗಳಿಗೆ ಅವಳ ಕಣ್ಣು ಮತ್ತೆ ಚಲಿಸತೊಡಗಿತು. ಈ ಸಲ ನಾನು ಹಿಗ್ಗಲಿಲ್ಲ. ಬರೆದುಕೊಂಡೆ ಅಷ್ಟೇ.

ಕಳೆದ ವಾರ ಸ್ಪೀಚ್ ಥೆರಪಿಸ್ಟ್ ಬಾಯಿಯಿಂದ ಸ್ವಲ್ಪ ಕೊಟ್ಟು ನೋಡೋಣ ಎಂದರು. ಸೇಬನ್ನು ಬೇಯಿಸಿ ನುಣ್ಣಗೆ ಅರೆದು ತಂದಿದ್ದೆ. ಮಂಚವನ್ನು ಎತ್ತರಿಸಿ ಅವಳನ್ನು ಕೂರಿಸಿದರು. ಕಾಲು ಚಮಚ ನಾಲಿಗೆಯ ಮೇಲಿಟ್ಟೆ. ಗಂಟಲು ಮೇಲೆ ಹೋಗಿ ಕೆಳಗಿಳಿಯಿತು. ನುಂಗಿದಳು. ಎರಡನೆಯದು. ಮೂರನೆಯದು.

ನಾಲ್ಕನೆಯ ಚಮಚ ಹತ್ತಿರ ತಂದಾಗ ತುಟಿ ಮುಚ್ಚಿಕೊಂಡಳು. ಇನ್ನೊಂದು ಸಲ ತಂದೆ. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಮೆಲ್ಲಗೆ, ಆದರೆ ತಾನೇ.

"ಬೇಡ್ವಾ ಮಲರ್?" ಎಂದೆ.

ಮುಖ ಆ ಕಡೆಯೇ ಇತ್ತು. ಸ್ಪೀಚ್ ಥೆರಪಿಸ್ಟ್ ಪೆನ್ನು ತೆಗೆದು ಫೈಲಿನಲ್ಲಿ ಏನೋ ಬರೆಯತೊಡಗಿದರು. ನಾನು ಬಲವಂತ ಮಾಡಲಿಲ್ಲ. ಅವಳ ತುಟಿಯಂಚನ್ನು ಒರೆಸಿ, ಬಟ್ಟಲನ್ನು ಮುಚ್ಚಿಟ್ಟೆ.