ಸೋಡಾ ಹಾಕಿದ ಕೈ ನನ್ನದು

ಆಗ ನನಗೆ ಮೂವತ್ತು. ಈಗ ಅರವತ್ತೆಂಟು. ಮೂವತ್ತೆಂಟು ವರ್ಷ ನಿನ್ನಿಂದ ಮುಚ್ಚಿಟ್ಟದ್ದನ್ನು ಹೇಳುತ್ತೇನೆ, ತಂಗಿ ನೀಲಾ. ನರಗುಂದದ ಹತ್ತಿ ಗಿರಣಿಯಲ್ಲಿ ಈರಪ್ಪ ಮೇಸ್ತ್ರಿಯ ಕಣ್ಣು ಹೋದದ್ದು ನನ್ನಿಂದ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದು ನಿನಗೇ ಮಾಡಿದ್ದು — ಅದಕ್ಕೂ ಬರುತ್ತೇನೆ. ನನ್ನ ಅಕ್ಷರ ಸೊಟ್ಟ. ಹೊಳೆಆಲೂರಲ್ಲಿ ನಿನ್ನ ಸೊಸೆ ಓದಿ ಹೇಳಲಿ, ನಡುವೆ ನಿಲ್ಲಿಸದಿರಲಿ.

ಮೊನ್ನೆ ಮೇಸ್ತ್ರಿ ರೋಣದಲ್ಲಿ ಸತ್ತ. ಸುದ್ದಿ ಬಂದಾಗ ರೊಟ್ಟಿ ಬಡಿಯುತ್ತಿದ್ದೆ, ಬಡಿಯುವುದನ್ನು ನಿಲ್ಲಿಸಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾದ ಮೇಲೆ ಹೊಳೆಯಿತು — ನಿನ್ನ ಮೇಲೆ ಬಂದ ಮಾತನ್ನು ತೆಗೆಯಬಲ್ಲ ಬಾಯಿ ಅದೊಂದೇ ಇತ್ತು, ಅದೂ ಮುಚ್ಚಿತು ಎಂದು.

ನಿನ್ನ ಸೊಸೆ ಆ ಗಿರಣಿ ಕಂಡವಳಲ್ಲ, ಅವಳಿಗಾಗಿ ಹೇಳುತ್ತೇನೆ. ಉದ್ದನೆಯ ಒಂದೇ ಕಬ್ಬಿಣದ ದಂಡ. ಅದಕ್ಕೆ ಪಟ್ಟಾ ಹಾಕಿದ ಹತ್ತಿ ಬಿಡಿಸುವ ಯಂತ್ರಗಳ ಸಾಲು, ಯಂತ್ರಕ್ಕೊಬ್ಬ ಹೆಂಗಸು. ಎಲ್ಲವನ್ನೂ ತಿರುಗಿಸಲು ಒಂದೇ ಮೋಟರು. ಹಿಟ್ಟಿನ ಗಿರಣಿಯ ಮೋಟರಿಗೆ ಮೊದಲಿಗೆ ಭಾರವಿರುವುದಿಲ್ಲ, ಗುಂಡಿ ಒತ್ತಿದರೆ ಓಡುತ್ತದೆ. ನಮ್ಮದಕ್ಕೆ ಮೊದಲ ಸುತ್ತಿನಿಂದಲೇ ಇಡೀ ಗಿರಣಿಯ ಭಾರ. ಅಲ್ಲಿ ಸಾದಾ ಮೋಟರು ಹಾಕಿದರೆ ಗುಂಯ್‌ ಎಂದು ನಿಂತುಬಿಡುತ್ತದೆ, ಓಣಿಯ ದೀಪ ಮಂಕಾಗುತ್ತದೆ, ಫ್ಯೂಸು ಹೋಗುತ್ತದೆ. ಅದಕ್ಕೇ ನಮ್ಮದು ಸ್ಲಿಪ್ ರಿಂಗ್ ಮೋಟರು. ಒಳಗೆ ತಿರುಗುವ ಭಾಗಕ್ಕೂ ತಂತಿ ಸುತ್ತಿರುತ್ತಿತ್ತು. ಆ ತಂತಿಯ ತುದಿಗಳು ಬಂದು ಸೇರುವುದು ಮೂರು ಹಿತ್ತಾಳೆ ಬಳೆಗಳಿಗೆ. ಬಳೆಗಳು ತಿರುಗುವಾಗ ಅವಕ್ಕೆ ಒತ್ತಿ ಕೂತ ಕಪ್ಪು ಕಾರ್ಬನ್ ತುಂಡುಗಳು ಕರೆಂಟು ಹೊರಗೆ ತರುತ್ತಿದ್ದವು. ಅಲ್ಲಿಂದ ವೈರು ಸೋಡಾ ನೀರಿನ ತೊಟ್ಟಿಯ ಮೇಲೆ ತೂಗುಬಿಟ್ಟ ತಗಡುಗಳಿಗೆ, ಅವನ್ನು ನೀರಿಗೆ ಇಳಿಸಲು ಒಂದು ಹಿಡಿಕೆ.

ನೀರು ಕರೆಂಟನ್ನು ತಡೆಯುತ್ತದೆ, ತಡೆದರೆ ಮೋಟರಿಗೆ ಬಲ ಹೇಗೆ ಬರುತ್ತದೆ ಎಂದು ಒಮ್ಮೆ ಕೇಳಿದ್ದೆ. ಮೇಸ್ತ್ರಿ ನಕ್ಕ. "ಗಂಗವ್ವ, ಎರಿ ಕೆಸರಾಗ ಚಕ್ಕಡಿ ಸಿಕ್ಕರ ಎತ್ತು ಓಡ್ತೈತೇನು? ಕಾಲೂರಿ ಜಗ್ಗತೈತಿ. ಈ ನೀರು ಮೋಟರಿಗೆ ಓಡಾಕ ಬಿಡೂದಿಲ್ಲ, ಜಗ್ಗಾಕ ಹಚ್ಚತೈತಿ." ಹಿಡಿಕೆ ಇಳಿಸಿದಂತೆ ತಗಡುಗಳು ನೀರಲ್ಲಿ ಇಳಿಯುತ್ತಿದ್ದವು, ತಡೆ ಕಡಿಮೆಯಾಗುತ್ತಿತ್ತು, ದಂಡ ವೇಗ ಹಿಡಿಯುತ್ತಿತ್ತು. ಪೂರ್ತಿ ಓಡತೊಡಗಿದ ಮೇಲೆ ಮೂರೂ ಬಳೆಗಳನ್ನು ಒಂದಕ್ಕೊಂದು ಕೂಡಿಸಿಬಿಡುವುದು. ಆಮೇಲೆ ನೀರಿಗೆ ಕೆಲಸವಿಲ್ಲ.

ಸೋಡಾ ಕಡಿಮೆಯಾದರೆ ಮೋಟರು ಕದಲುವುದಿಲ್ಲ. ಹೆಚ್ಚಾದರೆ ನೀರು ತಡೆಯುವುದೇ ಇಲ್ಲ, ಇದೂ ಸಾದಾ ಮೋಟರಿನಂತೆ ನಿಂತು ಫ್ಯೂಸು ಹಾರಿಸುತ್ತದೆ. ಅರಿವೆ ಒಗೆಯುವ ಸೋಡಾ ತಾನೇ, ಹೆಂಗಸಿನ ಕೆಲಸ ಎಂದು ತೊಟ್ಟಿಯನ್ನು ನನಗೆ ವಹಿಸಿದ್ದರು. ಅಳತೆ ಕಲಿಸಿದವನು ಮೇಸ್ತ್ರಿಯೇ. ನನಗೆ ಅವನ ಮೇಲೆ ಮೊದಲು ಸಿಟ್ಟಿರಲಿಲ್ಲ, ಅದನ್ನೂ ಹೇಳಬೇಕು.

ನೀನು ಆಗ ಭಾಳ ಮಾತಾಡುತ್ತಿದ್ದೆ. ಯಂತ್ರದ ಸದ್ದಿನ ಮೇಲೂ ನಿನ್ನ ಸದ್ದು ಕೇಳುತ್ತಿತ್ತು. "ನಿನ್ನ ತಂಗಿ ಬಾಯಿಗೊಂದು ಪಟ್ಟಾ ಹಾಕಿದ್ರ ಕರೆಂಟ ಬ್ಯಾಡ, ಗಿರಣಿ ತಾನ ನಡೀತೈತಿ" ಎಂದು ಮೇಸ್ತ್ರಿ ಚಾಷ್ಟಿ ಮಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೆ.

ಹಿಡಿಕೆ ಇಳಿಸುವ ಮೊದಲು ಗಂಟೆ ಬಾರಿಸಬೇಕೆಂಬುದು ಕಾಯಿದೆ. ಆ ದಿನ ಮೇಸ್ತ್ರಿ ಬಾರಿಸಲಿಲ್ಲ. ಉಂಡು ಬಂದವನೇ ಹಿಡಿಕೆಗೆ ಕೈ ಹಾಕಿದ. ನೀನು ಯಂತ್ರದ ರೋಲಿನ ಸಂದಿಯಲ್ಲಿ ಸಿಕ್ಕ ಹತ್ತಿ ಕೀಳುತ್ತಿದ್ದೆ. ನಿನ್ನ ಬಲಗೈಯ ನಾಲ್ಕು ಬೆರಳು — ಅದನ್ನು ನಾನು ನಿನಗೆ ಹೇಳಬೇಕಿಲ್ಲ.

ಗಿರಣಿಯ ಸಾಹುಕಾರರ ಮುಂದೆ ನಿಂತು ಅವನು ಹೇಳಿದ: "ಗಂಟಿ ಹೊಡದಿದ್ದೆ ರೀ. ಆಕಿ ಮಾತಿನಾಗ ಇದ್ಲು, ಕೇಳಲಿಲ್ಲ." ಇಲ್ಲ ಎಂದು ನಾನು ಹೇಳಿದೆ. ಅಕ್ಕನಲ್ಲವೇ, ಹೇಳುತ್ತಾಳೆ ಎಂದರು. ಸಾಲಿನ ಹೆಂಗಸರು ಕೆಲಸ ಹೋದೀತೆಂದು ನೆಲ ನೋಡಿದರು. ದವಾಖಾನೆಯಲ್ಲಿ ನಿನಗೂ ಹೇಳಿದೆ, ನೀನೂ ನಂಬಲಿಲ್ಲ. ಎಲ್ಲರೂ ಹೇಳುವಾಗ ಹೊಡೆದಿರಬೇಕು ಅಕ್ಕಾ, ನನಗೇ ಕೇಳಿಸಿಲ್ಲ ಎಂದೆ. ಅಂದಿನಿಂದ ನೀನು ಯಾರೊಡನೆಯೂ ಮೊದಲಿನಂತೆ ಮಾತಾಡಲಿಲ್ಲ.

ನಿನ್ನ ಬೆರಳಿಗಲ್ಲ, ನಿನ್ನ ಮಾತಿಗಾಗಿ ನಾನು ಸೇಡು ಹಿಡಿದೆ. ಸುಗ್ಗಿ ಜೋರಾಗುವ ತನಕ ಕಾದೆ. ಒಂದು ಮುಂಜಾನೆ ಅಳತೆಯ ಡಬ್ಬಿ ಬದಿಗಿಟ್ಟು ಚೀಲದಲ್ಲಿದ್ದ ಸೋಡಾವನ್ನೆಲ್ಲ ತೊಟ್ಟಿಗೆ ಸುರಿದು ಕಲಕಿದೆ. ಫ್ಯೂಸು ಹಾರಲಿ, ಪಟ್ಟಾ ಹರಿಯಲಿ, ಅವನ ನೌಕರಿ ಹೋಗಲಿ ಎಂದಷ್ಟೇ ನನ್ನ ಲೆಕ್ಕ. ಫ್ಯೂಸು ಹಾರಿತು. ಅವನು ದಪ್ಪ ತಂತಿ ಹಾಕಿ ಮತ್ತೆ ಮತ್ತೆ ಹಿಡಿಕೆ ಇಳಿಸಿದ. ದಂಡ ಜಗ್ಗಲಿಲ್ಲ, ನೀರು ಕಾದು ಕುದಿಯಿತು. ಏನಾಗಿದೆ ಎಂದು ಮುಚ್ಚಳ ತೆಗೆದು ಬಗ್ಗಿದಾಗ ಕುದಿನೀರು ಮುಖಕ್ಕೆ ಹಾರಿತು. ದಪ್ಪ ತಂತಿ ಹಾಕಿದ್ದು ಅವನ ತಪ್ಪು. ಅದನ್ನು ಹೇಳಿ ನನ್ನ ಪಾಲು ಇಳಿಸಿಕೊಳ್ಳುವುದಿಲ್ಲ.

ಸಾಹುಕಾರರು ನನ್ನನ್ನು ಕರೆಸಿದರು. ಅವನ ಮಾತನ್ನೇ ಅವನಿಗೆ ತಿರುಗಿಸಿದೆ. "ಸೋಡಾ ಬದಲ್ಯಾಗೈತಿ, ಸ್ವಲ್ಪ ನೋಡ್ರಿ ಅಂತ ಹೇಳಿದ್ದೆ ರೀ. ಅಂವಾ ಕೇಳಲಿಲ್ಲ." ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ಆ ದಿನ ನಾನು ಹೊಟ್ಟೆ ತುಂಬ ಉಂಡೆ.

ಇಲ್ಲಿಗೆ ಮುಗಿದಿದ್ದರೆ ನಿನಗೆ ಬರೆಯುತ್ತಿರಲಿಲ್ಲ.

ನಾಲ್ಕಾರು ದಿನದ ಮೇಲೆ ಅವನು ದವಾಖಾನೆಯಿಂದ ಹೇಳಿ ಕಳಿಸಿದ. ಸಂಜೆಗೆ ಹೋದೆ. ಮುಖಕ್ಕೆ ಬಟ್ಟೆ ಸುತ್ತಿದ್ದರು. ನನ್ನ ಹೆಜ್ಜೆಯಿಂದಲೇ ಗುರುತು ಹಿಡಿದ. ಬೈಯಲಿಲ್ಲ. "ಸೋಡಾದ ಅಳತಿ ನಿನಗ ಕಲಿಸಿದಾಂವ ನಾನ. ನನಗ ತಿಳಿಯೂದಿಲ್ಲೇನು? ನೀ ಸೋಡಾದ್ದು ಖರೇ ಹೇಳು, ನಾ ಗಂಟಿದು ಖರೇ ಹೇಳ್ತೀನಿ. ಇಬ್ಬರೂ ಸಾಹುಕಾರ್ರ ಮುಂದ ಹೋಗೂಣು."

ಒಂದು ಮಾತು. ನಾನು ಹೂಂ ಎಂದಿದ್ದರೆ ಗಂಟೆ ಬಾರಿಸಿರಲಿಲ್ಲ ಎಂದು ಅವನ ಬಾಯಿಂದಲೇ ನೀನು ಕೇಳುತ್ತಿದ್ದೆ. ನನ್ನ ಕೆಲಸ ಹೋಗುತ್ತಿತ್ತು, ಜೈಲೂ ಆಗುತ್ತಿತ್ತೋ ಏನೋ. ಆದರೆ ಅದಕ್ಕೆ ಹೆದರಿ ಸುಮ್ಮನಾದೆ ಎಂದರೆ ಸುಳ್ಳು. ಆ ಬಟ್ಟೆ ಸುತ್ತಿದ ಮುಖ ನೋಡಿ ನನಗೆ ಹಿತವಾಗಿತ್ತು. ಅವನು ಬೇಡುತ್ತಿದ್ದ, ಬೇಡಲಿ ಎನಿಸಿತ್ತು. ನಿನ್ನ ಹೆಸರಿಗಿಂತ ಅವನ ಗೋಳು ನನಗೆ ಹೆಚ್ಚು ಬೇಕಾಗಿತ್ತು.

"ಯಾವ ಸೋಡಾ ರೀ ಮೇಸ್ತ್ರಿ?" ಎಂದು ಎದ್ದು ಬಂದೆ.

ಅವನ ಮೇಲಿನ ಸಿಟ್ಟು ಇಂದಿಗೂ ಹೋಗಿಲ್ಲ, ಸತ್ತನೆಂದು ಹೋಗುವುದೂ ಇಲ್ಲ. ಆದರೆ ಅವನು ನಿನ್ನ ಮಾತು ಕಿತ್ತದ್ದು ಒಂದು ಸಲ. ತಿರುಗಿ ಕೊಡುತ್ತೇನೆಂದು ಬಂದಾಗ ಬೇಡವೆಂದವಳು ನಾನು. ಮೂವತ್ತೆಂಟು ವರ್ಷ ನೀನು ತವರಲ್ಲೂ ಗಂಡನ ಮನೆಯಲ್ಲೂ ತಲೆ ತಗ್ಗಿಸಿ, ಕೇಳಿದಷ್ಟಕ್ಕೆ ಹೌದು, ಇಲ್ಲ ಎಂದು — ಅದು ನನ್ನ ಲೆಕ್ಕಕ್ಕೆ.

ಮರುದಿನ ಮುಂಜಾನೆ ನಿನಗೆ ಜಡೆ ಹಾಕುತ್ತಿದ್ದೆ, ಆ ಕೈಯಿಂದ ನಿನಗೆ ಆಗುತ್ತಿರಲಿಲ್ಲ. ಮೇಸ್ತ್ರಿ ಏನಂದ ಅಕ್ಕಾ ಎಂದು ಕೇಳಿದೆ. ಏನೂ ಅನ್ನಲಿಲ್ಲ ಎಂದು ಜಡೆ ಬಿಗಿದೆ. ಅಷ್ಟು ದಿನ ನಿಂತಿದ್ದ ಗಿರಣಿ ಅಂದು ಶುರುವಾಗಬೇಕಿತ್ತು; ಹೋಗಿ ತೊಟ್ಟಿಯ ಹಳೆಯ ನೀರನ್ನು ಗಟಾರಕ್ಕೆ ಬಿಟ್ಟೆ, ತಿಕ್ಕಿ ತೊಳೆದೆ, ಹೊಸ ನೀರಿಗೆ ಡಬ್ಬಿಯಿಂದ ಅಳೆದು ಸೋಡಾ ಹಾಕಿದೆ, ನನ್ನ ಯಂತ್ರದ ಮುಂದೆ ಕೂತೆ. ಹೊಸ ಮೇಸ್ತ್ರಿ ಗಂಟೆ ಬಾರಿಸಿದ. ಎರಡು ಓಣಿ ಆಚೆ ನಮ್ಮ ಮನೆಯ ತನಕ ಕೇಳಿರಬೇಕು, ಅಷ್ಟು ಜೋರು. ಮಾತಾಡುತ್ತಿದ್ದ ಹೆಂಗಸರೆಲ್ಲ ಒಮ್ಮೆಗೇ ಕೈ ಹಿಂದಕ್ಕೆ ತೆಗೆದುಕೊಂಡರು. ನಾನೂ ತೆಗೆದುಕೊಂಡೆ.