ಪಾಯ ತುಂಬಿದ ಮರುದಿನ ಹುಟ್ಟಿದವಳು

ವಿಜಾಪುರದ ನರ್ಮದಾಬಾಯಿ ಗುಮಾಸ್ತನೊಬ್ಬನ ಕೈಹಿಡಿದು ಪುಣೆಯ ಕೋಥರೂಡಕ್ಕೆ ಬಂದವರು. ಸಂಸ್ಥೆಯೊಂದನ್ನು ಸೇರಿ, ಕಟ್ಟಡ ಕೂಲಿಗಳ ಮಕ್ಕಳನ್ನು ಶಾಲೆಗೆ ಹಚ್ಚುವ ಕೆಲಸವನ್ನು ಮೈಮೇಲೆ ಹಾಕಿಕೊಂಡರು. ಸಿಟ್ಟೋ, ಮೂಗಿನ ತುದಿಯಲ್ಲೇ!

೧೯೯೮ರ ಜೂನ್. ಪುಣೆಯ ಇನ್ನೊಂದು ಬದಿಯ ಕೊಂಢವಾದಲ್ಲಿ ಇಟ್ಟಿಗೆ ಹೊರುತ್ತಿದ್ದ ಮರೆಮ್ಮನ ಮಗಳು ಭಾಗ್ಯಾಳಿಗೆ ಶಾಲೆಯವರು ಪ್ರವೇಶ ಕೊಡಲಿಲ್ಲ. ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಕೂಸಿಗೆ ಜನ್ಮದಾಖಲೆ ಎಲ್ಲಿಂದ ಬರಬೇಕು? ಹಿಂದಿನ ವಾರವಷ್ಟೇ ಆ ಹುಡುಗಿ ಕಟ್ಟಡದ ನೀರಿನ ಟಾಕಿಗೆ ಬಿದ್ದು, ಗೋಡೆ ಕಟ್ಟುತ್ತಿದ್ದ ಗೌಂಡಿಯ ಕೈಗೆ ಸಿಕ್ಕು ಬದುಕಿದ್ದಳು. ದಿನವಿಡೀ ಅಲ್ಲೇ ಬಿಟ್ಟರೆ ಮತ್ತೆ ಬೀಳುವುದಿಲ್ಲವೆಂದು ಯಾರು ಹೇಳಬೇಕು?

“ಯಾವಾಗ ಹುಟ್ಯಾಳ ಮರೆಮ್ಮಾ?” ಎಂದು ನರ್ಮದಾಬಾಯಿ ಕೇಳಿದರು.

“ತಾರೀಖು ನಮಗೇನ್ ತಿಳೀತದ್ರೀ ಅಕ್ಕಾರ? ಕೋಥರೂಡದಾಗ ಆ ಹಳದಿ ಬಿಲ್ಡಿಂಗಿನ ಪಾಯಾ ತುಂಬಿದ್ವಿ. ಸಾಹೇಬ್ರು ಬಂದು ಟೇಪ್ ಹಿಡದು ಅಳದು ಹೋದ್ರು. ಮರುದಿನ ಮುಂಜಾನೆ ಇಕಿ ಹುಟ್ಟಿದ್ಲು.”

“ಪಾಯಾ ಕೇಳಿಲ್ಲವ್ವಾ, ತಾರೀಖು ಕೇಳೀನಿ!” ಎಂದು ರೇಗಿ ನರ್ಮದಾಬಾಯಿ ಬಸ್ಸು ಹತ್ತಿದರು. ಅರ್ಧ ದಾರಿಯಲ್ಲಿ ತಲೆಗೆ ಹೊಳೆಯಿತು. ಅಯ್ಯೋ ನನ್ನ ಬುದ್ಧಿಯೇ! ಪಾಯ ಅಳೆದ ಸಾಹೇಬ ಸಹಿ ಹಾಕದೆ ಹೋಗಿರುತ್ತಾನೆಯೇ? ಸಹಿಯ ಕೆಳಗೆ ತಾರೀಖು ಇರುವುದಿಲ್ಲವೇ?

ಪಾಲಿಕೆಯ ಕಟ್ಟಡ ವಿಭಾಗಕ್ಕೆ ಎಂಟು ದಿನ ಅಲೆದರು. ಕೊನೆಗೂ ಪಾಯ ತಪಾಸಣೆಯ ನಕಲು ಸಿಕ್ಕಿತು: ೧೩ ಡಿಸೆಂಬರ್ ೧೯೯೧. ಅದನ್ನು ನೋಡಿ ಶಿಕ್ಷಣಾಧಿಕಾರಿ ಮಧುಕರರಾವ್ ನಕ್ಕೇಬಿಟ್ಟರು. “ಬಾಯಿ, ಇದು ಕಟ್ಟಡದ ಜಾತಕ!”

“ಕಟ್ಟಡಕ್ಕೆ ಜಾತಕ ಇದೆ, ಕಟ್ಟಿದವಳ ಮಗಳಿಗೆ ಇಲ್ಲ,” ಎಂದರು ನರ್ಮದಾಬಾಯಿ, ಖಣಖಣ ಮರಾಠಿಯಲ್ಲಿ. “ಇಂಥ ಮಕ್ಕಳು ಇನ್ನೂ ನಲವತ್ತೊಂದು ಮಂದಿ ಇದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಪಾಯ ಹುಡುಕಿ ತರಲೋ, ನೀವೇ ನಿಯಮ ಬದಲಿಸುತ್ತೀರೋ?”

ಮಧುಕರರಾಯರ ನಗು ನಿಂತಿತು. ಆ ಕಾಗದವನ್ನೇ ಲಗತ್ತಿಸಿ ಮೇಲಿನವರಿಗೆ ಬರೆದರು. ತಿಂಗಳ ಮೇಲೆ ಆದೇಶ ಬಂತು. ವಲಸೆ ಕೂಲಿಗಳ ಮಕ್ಕಳಿಗೆ ವಯಸ್ಸಿನ ಬಗ್ಗೆ ಹೆತ್ತವರ ಮಾತೇ ಸಾಕು, ಆ ಭಾಗದ ಯಾವ ಶಾಲೆಯೂ ಇಲ್ಲವೆನ್ನುವಂತಿಲ್ಲ. ನರ್ಮದಾಬಾಯಿ ಅದನ್ನು ಕೊನೆಯವರೆಗೆ ಓದಿದರು. ಉಸ್ಸಪ್ಪಾ ಎಂದು ಕಚೇರಿಯ ಮೆಟ್ಟಿಲ ಮೇಲೆ ಕುಳಿತು, ನಾಚಿಕೆ ಬಿಟ್ಟು ಅತ್ತರು.

ಭಾಗ್ಯಾ ಶಾಲೆಗೆ ಹೋದ ಮೊದಲ ದಿನ ಮಧ್ಯಾಹ್ನ ಅವರು ಕೊಂಢವಾಕ್ಕೆ ಹೋದರು. ಮರೆಮ್ಮ ಬುಟ್ಟಿ ಇಳಿಸಿ, ಬೆವರು ಒರೆಸಿಕೊಂಡು ಪಕ್ಕದಲ್ಲಿ ಕುಳಿತಳು.

“ಅಕ್ಕಾರ, ಇಕಿ ನಡೀಲಿಕ್ಕೆ ಕಲತಾಗಿಂದ ಇವತ್ತ ಮೊದಲನೇ ಸಲ ನೋಡ್ರಿ, ಹಿಂದ ಹೊಳ್ಳಿ ನೋಡದ ಇಟ್ಟಂಗಿ ಹೊತ್ತೀನಿ.”