ಲಕೋಟೆಯಲ್ಲಿ ಹೋದ ಯೀಸ್ಟು

ನಾವೀಗ ಇರುವ ಪರದೇಶದ ಊರು ಏಪೆಕ್ಸ್‌ನ ಬೇಕರಿಯ ಮುಂದೆ ಎಲ್ಲರಿಗೂ ಬ್ರೆಡ್ಡಿನ ವಾಸನೆ ಬಂದರೆ, ಇವತ್ತು ಬೆಳಿಗ್ಗೆ ನನಗೆ ಬಂದದ್ದು ನಸೀಮಾ ಅವರ ಸ್ವೆಟರಿನ ವಾಸನೆ. ಹೀಗೆಂದಾಗ ನನ್ನ ಹೆಂಡತಿ ಹುಬ್ಬೇರಿಸಿದಳು, ನೀವೂ ಏರಿಸಬೇಡಿ. ನಸೀಮಾ ನಮ್ಮ ಪಕ್ಕದ ಮನೆಯವರು, ಮೈಸೂರಿನವರು, ಮಾಲಿಕ್ಯುಲರ್ ಬಯಾಲಜಿಸ್ಟ್. ಬ್ರೆಡ್ಡು ಉಬ್ಬಿಸುವ ಅದೇ ಯೀಸ್ಟನ್ನು ವರ್ಷಗಟ್ಟಲೆ ಸಾಕಿ, ಜೀವಕೋಶಕ್ಕೆ ವಯಸ್ಸಾಗುವುದು ಹೇಗೆ ಎಂದು ನೋಡುತ್ತಾ ಕೂತವರು. ಸಂಜೆ ಲ್ಯಾಬಿನಿಂದ ಬಂದರೆ ಅವರ ಸ್ವೆಟರು ಥೇಟ್ ಹುಳಿಬಂದ ದೋಸೆಹಿಟ್ಟು.

ಲಾಕ್‌ಡೌನಿನಲ್ಲಿ ನನ್ನ ಆಫೀಸು ಊಟದ ಮೇಜಿಗೆ ಬಂತು, ಅವರ ಯೂನಿವರ್ಸಿಟಿಯ ಟಪಾಲು ಕೋಣೆ ಮುಚ್ಚಿತು. ನಾನು ಪೋಸ್ಟ್ ಆಫೀಸಿಗೆ ಹೋಗುತ್ತಿರುತ್ತೇನೆಂದು ತಿಳಿದದ್ದೇ ತಡ, ಅವರು ನಮ್ಮ ಬಾಗಿಲಲ್ಲಿ ಲಕೋಟೆಗಳ ಕಟ್ಟು ಇಟ್ಟು ದೂರ ಸರಿದು ನಿಂತರು.

"ಏನಿದೆ ಇದ್ರಲ್ಲಿ?"

"ಯೀಸ್ಟು. ಫಿಲ್ಟರ್ ಪೇಪರ್ ಮೇಲೆ ಒಣಗ್ಸಿ ಫಾಯಿಲ್ ಸುತ್ತಿದೀನಿ. ತಲುಪಿದ್ಮೇಲೆ ಊಟ ಹಾಕಿದ್ರೆ ಎದ್ದು ಕೂತ್ಕೊಳತ್ತೆ. ಹೆದರ್ಬೇಡಿ, ನಿಮಗೇನೂ ಅಂಟಲ್ಲ."

ಮುಪ್ಪಾದ ಕೋಶ ಮಾತ್ರ ಮೈಕ್ರೋಸ್ಕೋಪಿನಡಿ ಹಸಿರಾಗಿ ಮಿನುಗುವಂಥ ತಳಿಯೊಂದನ್ನು ಅವರು ಮಾಡಿದ್ದರು. ಮುಪ್ಪಿನ ಮೇಲೆ ಕೆಲಸ ಮಾಡುವವರಿಗೆಲ್ಲ ಅದು ಬೇಕು. ಕೇಳಿದವರಿಗೆಲ್ಲ ಪುಕ್ಕಟೆ. ಪಡೆದವರು ಪ್ರಬಂಧದ ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಥ್ಯಾಂಕ್ಸ್ ಹೇಳಿದರೆ ಹೇಳಿದರು. ಅವರ ಡಿಪಾರ್ಟ್‌ಮೆಂಟಿನಲ್ಲಿ ಈ ಥ್ಯಾಂಕ್ಸುಗಳಿಗೆ ಕಿಲುಬು ಕಾಸಿನ ಬೆಲೆಯಿಲ್ಲ. ನಾನೋ ಸಾಫ್ಟ್‌ವೇರಿನವನು, ಸಲಹೆ ಕೊಡದಿದ್ದರೆ ತಿಂದ ಅನ್ನ ಅರಗುವುದಿಲ್ಲ.

"ಕಂಡಿಷನ್ ಹಾಕಿ ಮೇಡಂ. ತಳಿ ಬೇಕಾದ್ರೆ ಪೇಪರ್‌ನಲ್ಲಿ ನನ್ ಹೆಸರೂ ಸೇರ್ಸಿ ಅನ್ನಿ. ಪ್ರಮೋಷನ್‌ಗೆ ಹೆಲ್ಪ್ ಆಗತ್ತೆ."

"ಹೆಪ್ಪು ಕೊಟ್ಟೋರು ಮೊಸರಲ್ಲಿ ಪಾಲು ಕೇಳ್ತಾರೇನ್ರೀ? ನಮ್ಮನೆ ಮೊಸರಿಗೆ ನಿಮ್ ಮಿಸೆಸ್ಸೇ ಹೆಪ್ಪು ಕೊಟ್ಟಿದ್ದು. ಒಂದಿನಾನಾದ್ರೂ ಕೇಳಿದಾರಾ?"

ಲಕೋಟೆಗಳನ್ನೆತ್ತಿಕೊಂಡು ಹೊರಟೆ. ಕಾರಿನಲ್ಲಿ ಮಾತ್ರ ಪಕ್ಕದ ಸೀಟಿನ ಲಕೋಟೆಗಳ ಜೊತೆ ದಾರಿಯುದ್ದಕ್ಕೂ ಜಗಳವಾಡಿದೆ.

ಕೆಲವು ಬೇಸಿಗೆಗಳಾದ ಮೇಲೆ ಬಿರುಗಾಳಿಯೊಂದು ಬೀಸಿ ಕರೆಂಟು ಹೋಯಿತು. ಲ್ಯಾಬಿನ ಜನರೇಟರೂ ಕೈಕೊಟ್ಟಿತು. ವಾರಾಂತ್ಯ ಕಳೆದು ಬಾಗಿಲು ತೆಗೆದರೆ ಡೀಪ್ ಫ್ರೀಜರಿನ ಮಂಜೆಲ್ಲ ಕರಗಿ ನೆಲದ ಮೇಲೆ. ಒಳಗಿದ್ದ ತಳಿಗಳೆಲ್ಲ ಸತ್ತಿದ್ದವು. ಅವಿಲ್ಲದೆ ಸಂಶೋಧನೆಯಿಲ್ಲ, ಸಂಶೋಧನೆಯಿಲ್ಲದೆ ಲ್ಯಾಬಿಲ್ಲ. ನಮ್ಮ ಅಡುಗೆಮನೆಯಲ್ಲಿ ಕೂತ ನಸೀಮಾ ಚಹಾದ ಲೋಟ ಮುಟ್ಟಲಿಲ್ಲ.

"ಮುಗೀತು ಕಣ್ರೀ. ಮತ್ತೆ ಮೊದಲಿಂದ ಮಾಡೋಷ್ಟು ವಯಸ್ಸು ನಂಗೆಲ್ಲಿದೆ?"

ಜೀವಮಾನವೆಲ್ಲ ಮುಪ್ಪನ್ನೇ ನೋಡುತ್ತಾ ಬಂದವರ ಬಾಯಲ್ಲಿ ಆ ಮಾತು! ಸಲಹೆಯ ಬದಲು ನಾನು ಆರಿದ ಚಹಾ ಬಿಸಿಮಾಡಿ ತಂದಿಟ್ಟೆ.

ಕೊನೆಗೆ ಅವರೇ ಫೋನ್ ತೆಗೆದು, ಯೀಸ್ಟಿನವರೆಲ್ಲ ಇರುವ ಇಮೇಲ್ ಗುಂಪಿಗೆ ತಳಿಯ ಹೆಸರು ಬರೆದು, ಯಾರ ಹತ್ತಿರವಾದರೂ ಇದ್ದರೆ ಸ್ವಲ್ಪ ಕಳಿಸಿ ಎಂದು ಕೇಳಿದರು. ಕೊಟ್ಟು ಮಾತ್ರ ಗೊತ್ತಿದ್ದವರಿಗೆ ಕೇಳುವುದು ಸುಲಭವಲ್ಲ. ಕಳಿಸಿದವರೇ ಫೋನನ್ನು ಮಗುಚಿಟ್ಟು, ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಹೋದರು.

ಲಕೋಟೆಗಳು ಬರತೊಡಗಿದವು. ಅಟ್ಲಾಂಟಾದಿಂದ ಬಂದವು, ನಾನು ನಕ್ಷೆಯಲ್ಲಿ ಹುಡುಕಬೇಕಾದ ಊರುಗಳಿಂದ ಬಂದವು. ಒಂದು ಸಂಜೆ ನಸೀಮಾ ಅಂಥದ್ದೊಂದನ್ನು ಹಿಡಿದು, ನಗು ತಡೆಯಲಾರದೆ ನಮ್ಮ ಬಾಗಿಲಿಗೆ ಬಂದರು.

"ಈ ಲ್ಯಾಬಿಗೆ ನಾನು ಕಳ್ಸೇ ಇಲ್ಲ ಕಣ್ರೀ! ಯಾರೋ ಇವ್ರಿಗೆ ಕೊಟ್ಟಿದಾರೆ, ಅವ್ರಿಗೆ ಇನ್ಯಾರೋ. ನಾನು ಯಾರೋ ಸ್ಟೂಡೆಂಟು ಅನ್ಕೊಂಡು, ಇದನ್ನ ಹೇಗೆ ಬೆಳೆಸ್ಬೇಕು ಅಂತ ನಂಗೇ ಹೇಳ್ಕೊಟ್ಟಿದಾರೆ!"

"ಅದನ್ನ ಮಾಡಿದ್ದೇ ನಾನು ಅಂತ ಬರೀರಿ ಮೇಡಂ!" ಎಂದು ನಾನು ರೇಗಿದೆ.

"ಯಾಕೆ ಬರೀಬೇಕು? ಇವ್ರು ಹೇಳಿರೋ ಸಕ್ಕರೆ ಅಳತೆ ನಂದಕ್ಕಿಂತ ವಾಸಿ. ನಾಳೆ ಟ್ರೈ ಮಾಡ್ತೀನಿ."

ಲ್ಯಾಬು ಉಳಿಯಿತು. ಸಕ್ಕರೆಯ ಅಳತೆಯೂ ಬದಲಾಯಿತಂತೆ.

ಬೆಳಿಗ್ಗೆಯಿಂದ ಕಂಪ್ಯೂಟರಿನ ಮುಂದೆ ಕೂತಿದ್ದೇನೆ, ಕೆಲಸ ಸಾಗುತ್ತಿಲ್ಲ. ಒಪ್ಪಿಕೊಂಡುಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು. ನಾನು ಬರೆದ ಪ್ರತಿಯೊಂದು ಪ್ರೋಗ್ರಾಮಿನ ನೆತ್ತಿಯ ಮೇಲೂ ನನ್ನ ಹೆಸರಿದೆ. ನಾಳೆ ಅದೆಲ್ಲ ಅಳಿಸಿಹೋದರೆ, ನನ್ನ ಹತ್ತಿರ ಸ್ವಲ್ಪ ಇದೆ, ತಗೊಳ್ಳಿ ಎನ್ನುವವರು ಒಬ್ಬರೂ ಇಲ್ಲ.